ತ್ರೀಡಿ, ಐಎಂಆರ್‌ಟಿ, ವಿಮ್ಯಾಟ್: ಮೂರನ್ನೂ ಮಾಡಿ ನೋಡಿದ ಮೇಲೆ

ನಾನು ರೇಡಿಯೇಷನ್ ವಿಭಾಗದಲ್ಲಿ ಫಿಸಿಸಿಸ್ಟ್, ಅಂದರೆ ಕ್ಯಾನ್ಸರಿಗೆ ಕೊಡುವ ವಿಕಿರಣದ ಡೋಸ್ ಲೆಕ್ಕ ಹಾಕಿ ಪ್ಲಾನ್ ಮಾಡುವವನು. ತ್ರೀಡಿ, ಐಎಂಆರ್‌ಟಿ, ವಿಮ್ಯಾಟ್ ಆ ವಿಕಿರಣ ಕೊಡುವ ಮೂರು ವಿಧಾನಗಳು. ಜನ ಇದಕ್ಕೆ ‘ಕರೆಂಟ್ ಕೊಡೋದು’ ಅನ್ನುತ್ತಾರೆ. ನಮ್ಮಲ್ಲಿ ಬಾಯಿ, ಗಂಟಲು ಕ್ಯಾನ್ಸರಿನವರೇ ಜಾಸ್ತಿ, ಅವರ ಲೆಕ್ಕದಲ್ಲೇ ಹೇಳುತ್ತೇನೆ.

ತ್ರೀಡಿಯಲ್ಲಿ ಗಡ್ಡೆಯ ಆಕಾರಕ್ಕೆ ಹೊಂದಿಸಿದ ಬೀಮ್ (ಕಿರಣ) ಕೆಲವು ದಿಕ್ಕುಗಳಿಂದ ಬಿಡುತ್ತೇವೆ. ಪ್ಲಾನ್ ಬೇಗ ಆಗುತ್ತದೆ. ಆದರೆ ಕಿವಿ ಬುಡದಲ್ಲಿರುವ ಪೆರೋಟಿಡ್, ಅಂದರೆ ಜೊಲ್ಲಿನ ಗ್ರಂಥಿ, ಉಳಿಯುವುದಿಲ್ಲ. ಅದಕ್ಕೆ ಬೀಳುವ ಡೋಸ್ ಸರಾಸರಿ 26 ಗ್ರೇ (ವಿಕಿರಣ ಡೋಸಿನ ಅಳತೆ) ದಾಟಬಾರದು, ಎರಡೂ ಪಕ್ಕದಿಂದ ಬೀಮ್ ಬಿಟ್ಟರೆ ಅದರ ಎರಡರಷ್ಟು ಬೀಳುತ್ತದೆ. ಚಿಕಿತ್ಸೆ ಮುಗಿದು ವರ್ಷವಾದರೂ ನೀರಿನ ಬಾಟಲಿ ಹಿಡಿದೇ ಬಂದು, ‘ರೊಟ್ಟಿ ಇಳಿಯಂಗಿಲ್ರೀ ಸರ’ ಅನ್ನುವವರನ್ನು ನೋಡಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಬ್ರಿಟನ್ನಿನ ಪಾರ್‌ಸ್ಪೋರ್ಟ್ ಅಧ್ಯಯನ 2011ರಲ್ಲಿ ಬಂತು. ಒಂದು ವರ್ಷದ ಬಳಿಕ ಬಾಯಿ ತೀರಾ ಒಣಗುತ್ತಿದ್ದವರು ಹಳೇ ವಿಧಾನದಲ್ಲಿ 74%, ಐಎಂಆರ್‌ಟಿಯಲ್ಲಿ 38%. ಮೂಳೆ ನೋವಿಗೆ ಒಂದೇ ಸಲ 8 ಗ್ರೇ ಕೊಡಬೇಕಾದಾಗ ತ್ರೀಡಿ ಸಾಕು, ಇಲ್ಲಿ ಸಾಲದು.

ಐಎಂಆರ್‌ಟಿಯಲ್ಲಿ ಪ್ರತಿ ಬೀಮಿನ ಒಳಗೂ ಡೋಸನ್ನು ಜಾಗಕ್ಕೆ ತಕ್ಕಂತೆ ಹೆಚ್ಚುಕಮ್ಮಿ ಮಾಡುತ್ತೇವೆ. ಮೊದಲು ನಾವು ಅದರ ಸ್ಟೆಪ್ ಅಂಡ್ ಶೂಟ್ ಬಗೆ ಮಾಡಿದೆವು. ಲೀಫ್‌ಗಳು (ಬೀಮಿಗೆ ಆಕಾರ ಕೊಡುವ ಲೋಹದ ಪಟ್ಟಿಗಳು) ನಿಂತ ಮೇಲೆ ಬೀಮ್ ಬರುತ್ತದೆ, ನಿಲ್ಲುತ್ತದೆ, ಲೀಫ್ ಸರಿಯುತ್ತದೆ, ಮತ್ತೆ ಬೀಮ್. ತಪ್ಪಾದರೆ ಯಾವ ಸೆಗ್ಮೆಂಟಿನಲ್ಲಿ (ತುಣುಕಿನಲ್ಲಿ) ಅಂತ ಕಣ್ಣಿಗೇ ಕಾಣುತ್ತದೆ. ಆದರೆ ಏಳು ಫೀಲ್ಡ್, ಅಂದರೆ ಏಳು ದಿಕ್ಕಿನ ಬೀಮ್, ಮುಗಿಯಲು ಕಾಲು ಗಂಟೆ ಹಿಡಿಯುತ್ತಿತ್ತು, ಬಾಯಿ ಹುಣ್ಣಾದವರು ತಲೆ ಅಲುಗದಂತೆ ಹಿಡಿಯುವ ಮಾಸ್ಕಿನೊಳಗೆ ಅಷ್ಟು ಹೊತ್ತು ಅಲುಗದೆ ಮಲಗುವುದು ಬಹಳ ಕಷ್ಟ.

ಇದರದೇ ಇನ್ನೊಂದು ಬಗೆಯಾದ ಸ್ಲೈಡಿಂಗ್ ವಿಂಡೋದಲ್ಲಿ ಬೀಮ್ ಇರುವಾಗಲೇ ಲೀಫ್ ಓಡುತ್ತದೆ. ಬೇಗ ಮುಗಿಯುತ್ತದೆ ನಿಜ, ಆದರೆ ಲೀಫ್ ನಡುವಿನ 1 ಸೆಂ.ಮೀ. ಸಂದಿಯಲ್ಲಿ 1 ಮಿ.ಮೀ. ಹೆಚ್ಚುಕಮ್ಮಿ ಆದರೂ ಡೋಸ್ ಸುಮಾರು 10% ತಪ್ಪುತ್ತದೆ. ನಮ್ಮ ಒಂದು ಪ್ಲಾನ್ ಕ್ಯೂಎಯಲ್ಲಿ (ರೋಗಿಗೆ ಕೊಡುವ ಮೊದಲು ಡೋಸ್ ಅಳೆದು ನೋಡುವ ಪರೀಕ್ಷೆಯಲ್ಲಿ) ಎರಡು ಸಲ ಫೇಲ್ ಆಯ್ತು. ಪ್ಲಾನ್ ಮೇಲೇ ಅನುಮಾನಪಟ್ಟು ರಾತ್ರಿಯೆಲ್ಲ ಕೂತೆವು, ಕೊನೆಗೆ ನೋಡಿದರೆ ಲೀಫ್ ಕ್ಯಾಲಿಬ್ರೇಷನ್ನೇ ಸರಿದಿತ್ತು.

ವಿಮ್ಯಾಟ್‌ನಲ್ಲಿ ಮಷಿನ್ ಸುತ್ತುತ್ತಲೇ ಡೋಸ್ ಕೊಡುತ್ತದೆ. ಎರಡು ಸುತ್ತು, ಮೂರು ನಾಲ್ಕು ನಿಮಿಷ. ನನ್ನ ಪ್ಲಾನ್‌ಗಳಲ್ಲಿ ಪೆರೋಟಿಡ್ ಡೋಸ್ ಐಎಂಆರ್‌ಟಿಗಿಂತ ಹೇಳಿಕೊಳ್ಳುವಷ್ಟೇನೂ ಇಳಿಯಲಿಲ್ಲ. ಲಾಭ ಇರುವುದು ಸಮಯದಲ್ಲಿ, ಅದಕ್ಕೇ ಈಗ ನನ್ನ ಆಯ್ಕೆ ಇದು. ಆದರೂ ಹೊಸದಾಗಿ ಶುರು ಮಾಡುವವರು ನೇರ ಇದಕ್ಕೆ ಹಾರಬೇಡಿ. ಲೀಫ್, ಗ್ಯಾಂಟ್ರಿ (ಮಷಿನಿನ ಸುತ್ತುವ ತೋಳು) ವೇಗ, ಡೋಸ್ ರೇಟ್ ಮೂರೂ ಒಟ್ಟಿಗೆ ಬದಲಾಗುವಾಗ ಕ್ಯೂಎ ಫೇಲ್ ಆದರೆ ತಪ್ಪನ್ನು ಎಲ್ಲಿ ಅಂತ ಹುಡುಕುತ್ತೀರಿ?

ಇನ್ನೊಂದು ವಿಷಯ. ತ್ರೀಡಿಯಲ್ಲಿ ಮಾಸ್ಕ್ ಸ್ವಲ್ಪ ಸಡಿಲವಾದರೂ ಹೇಗೋ ನಡೆಯುತ್ತಿತ್ತು. ಐಎಂಆರ್‌ಟಿ, ವಿಮ್ಯಾಟ್‌ಗಳಲ್ಲಿ ಡೋಸ್ ಕೆಲವೇ ಮಿಲಿಮೀಟರಿನಲ್ಲಿ ಕಡಿದಾಗಿ ಇಳಿಯುವುದರಿಂದ ಅದು ನಡೆಯುವುದಿಲ್ಲ. ಪ್ರತಿ ಸೋಮವಾರ ತೂಕ ನೋಡುತ್ತೇವೆ, ಮುಖ ಇಳಿದು ಮಾಸ್ಕ್ ಸಡಿಲವಾಗಿದ್ದರೆ ಹೊಸ ಮಾಸ್ಕ್, ಹೊಸ ಸಿಟಿ, ಹೊಸ ಪ್ಲಾನ್.