ಇಂಗ್ಲಿಷ್ ಕ್ರಿಯಾಪದ: ಪಟ್ಟಿ ಬಾಯಿಪಾಠವೋ, ವಾಕ್ಯದ ರೂಢಿಯೋ?

ಹಾಸನದಲ್ಲಿ ಎಸ್ಎಸ್ಎಲ್‌ಸಿ ಓದುತ್ತಿರುವ ಮಗಳಿಗೆ ಟೆನ್ಸ್ ಪಟ್ಟಿ ಬಾಯಿಪಾಠ ಮಾಡಿಸಲಾ, ವಾಕ್ಯ ಹೇಳಿಸಲಾ ಅಂತ ಕೇಳಿದ್ದೀರಿ.

ಸಮಯ ಕಡಿಮೆ ಇದ್ದರೆ ಪಟ್ಟಿಯೇ ಬೇಗ. ನಿಯಮದಂತೆ ನಡೆಯುವ ಕ್ರಿಯಾಪದಕ್ಕೆ ಇರುವುದೇ ನಾಲ್ಕು ರೂಪ: ವಾಕ್, ವಾಕ್ಸ್, ವಾಕ್ಡ್, ವಾಕಿಂಗ್. ನಮ್ಮ ನಡೆದೆ, ನಡೆದಳು, ನಡೆದರು ಥರ ಅಲ್ಲ. ಭೂತಕಾಲದಲ್ಲಿ ಎಲ್ಲರಿಗೂ ಒಂದೇ. ಸ್ಟಾಪ್ಡ್‌ನಲ್ಲಿ ಎರಡು ಪಿ, ಕ್ಯಾರೀಡ್‌ನಲ್ಲಿ ವೈ ಹೋಗಿ ಐ. ಇಂಥ ಸ್ಪೆಲಿಂಗ್ ಬರೆದೇ ಕಲಿಯಬೇಕು.

ಮಾತಿಗೆ ಬಂದರೆ ಪಟ್ಟಿ ಸಾಲದು. ಭೂತಕಾಲದ ಕೊನೆಯ ‘ಇ-ಡಿ’ ಅಕ್ಷರ ಬರೆಯುವುದು ಒಂದೇ ಥರ, ಕೇಳಿಸುವುದು ಮೂರು ಥರ: ವಾಕ್ಡ್‌ನಲ್ಲಿ ಟ್, ಕಾಲ್ಡ್‌ನಲ್ಲಿ ಡ್, ವಾಂಟೆಡ್‌ನಲ್ಲಿ ಇಡ್. ಬಾಯಿಬಿಟ್ಟು ಹೇಳದೆ ಇದು ಕೂರಲ್ಲ. ‘ಡಿಡ್ ಶೀ ವಾಕ್ಡ್?’ ಅನ್ನುವ ತಪ್ಪಂತೂ ಪಟ್ಟಿ ಪೂರ್ತಿ ಬರುವ ಮಕ್ಕಳಲ್ಲೂ ಜಾಸ್ತಿ. ಡಿಡ್ ಬಂದ ಮೇಲೆ ಬರೀ ವಾಕ್ ಸಾಕು ಅಲ್ವಾ? ‘ವಾಕ್ ಫಾಸ್ಟ್’ ಅಂತ ಆಜ್ಞೆ ಮಾಡುವಾಗಲೂ ಅಷ್ಟೇ.

ಪರೀಕ್ಷೆ ಹತ್ತಿರ ಇದ್ದರೆ ಪಟ್ಟಿ ಹಿಡಿಯಿರಿ. ಚಿಕ್ಕಮಗಳೂರಿನ ಹೋಂಸ್ಟೇಯಲ್ಲಿ ಅತಿಥಿಗಳ ಜೊತೆ ಮಾತಾಡುವವರಾದರೆ ಮೊದಲ ದಿನದಿಂದಲೇ ವಾಕ್ಯ. ನಿಮ್ಮ ಮಗಳಿಗೆ ವರ್ಷ ಪೂರ್ತಿ ಸಮಯ ಇದ್ದರೆ ವಾಕ್ಯದಿಂದ ಶುರು ಮಾಡಿ, ಸ್ಪೆಲಿಂಗ್‌ಗೆ ಮಾತ್ರ ಪಟ್ಟಿ ಇಟ್ಟುಕೊಳ್ಳಿ.