ಬೋಟ್ ಓಡಿದರಷ್ಟೇ ಕೆಲಸ ಮಾಡುವ ಬಣ್ಣ

ಮಲ್ಪೆಯಲ್ಲಿ ಬೋಟ್ ಇಟ್ಟವರಿಗೆ ಬೋಟಿನ ತಳಕ್ಕೆ ಹಿಡಿಯುವ ಚಿಪ್ಪಿನ ಕಾಟ ಗೊತ್ತೇ ಇದೆ. ನಮ್ಮದು ಸ್ಟೀಲಿನ ಟ್ರಾಲ್‌ಬೋಟ್. ಚಿಪ್ಪು ಹಿಡಿಯದಿರಲಿ ಅಂತ ತಳಕ್ಕೆ ತಾಮ್ರದ ವಿಷ ಬೆರೆಸಿದ ಬಣ್ಣ ಹೊಡೆಯುತ್ತಾರೆ. ಮೊದಲು ಅದರಲ್ಲಿ ಸವೆಯದ ಗಟ್ಟಿ ಬಣ್ಣ ಹೊಡೆಸುತ್ತಿದ್ದೆ. ಡಿಸೆಂಬರ್ ಬರುವಷ್ಟರಲ್ಲಿ 9 ನಾಟ್ ಓಡುತ್ತಿದ್ದ ಬೋಟ್ 7ಕ್ಕೆ ಇಳಿಯುತ್ತಿತ್ತು. ಡೀಸೆಲ್ ಜಾಸ್ತಿ ಕುಡಿಯುತ್ತಿತ್ತು.

ಕಳೆದ ವರ್ಷ ಜೂನ್, ಜುಲೈ ರಜೆಯಲ್ಲಿ ಬೋಟ್ ಮೇಲೆ ಎಳೆಸಿ, ಮಳೆ ಬಿಟ್ಟ ದಿನ ಕಾದು, ಸೆಲ್ಫ್ ಪಾಲಿಶಿಂಗ್, ಅಂದರೆ ಓಡುತ್ತ ತಾನೇ ಸವೆಯುವ ಬಣ್ಣ ಹೊಡೆಸಿದೆ. ಈ ಜೂನಿನಲ್ಲಿ ಮತ್ತೆ ಮೇಲೆ ಬಂದಾಗ ಅಡಿ ನೋಡಿ ಇದನ್ನು ಬರೆಯುತ್ತಿದ್ದೇನೆ.

ಗಟ್ಟಿ ಬಣ್ಣದಲ್ಲಿ ತಾಮ್ರ ಕರಗಿಹೋಗುತ್ತದೆ, ತೂತುತೂತಾದ ಅಂಟು ಹಾಗೇ ಉಳಿಯುತ್ತದೆ. ಒಳಗಿನ ತಾಮ್ರಕ್ಕೆ ಹೊರಬರಲು ದಾರಿ ಉದ್ದವಾಗುತ್ತದೆ. ಸೆಲ್ಫ್ ಪಾಲಿಶಿಂಗ್ ಬಣ್ಣದ ಅಂಟು ಅಕ್ರಿಲಿಕ್ ಪಾಲಿಮರ್. ಉಪ್ಪುನೀರು ತಾಗಿದಲ್ಲಿ ಅದರ ಸರಪಳಿಯ ಪಕ್ಕದ ಕೊಂಡಿಗಳು ಕಳಚಿ, ಮೇಲ್ಪದರ ನೀರಿನಲ್ಲಿ ಕರಗುವಂತಾಗುತ್ತದೆ. ಬೋಟ್ ಓಡುವಾಗ ನೀರು ಉಜ್ಜಿ ಆ ಸಡಿಲ ಪದರವನ್ನು ತೊಳೆದುಬಿಡುತ್ತದೆ. ಕೆಳಗೆ ಹೊಸ ತಾಮ್ರ ತೆರೆದುಕೊಳ್ಳುತ್ತದೆ.

ಪೇಂಟರ್ ಒಂದು ಒಳ್ಳೆ ಕೆಲಸ ಮಾಡಿದ್ದರು. ಪ್ರೈಮರ್ ಮೇಲೆ ಮೊದಲ ಕೋಟ್ ಕಪ್ಪು, ಅದರ ಮೇಲೆ ಎರಡು ಕೋಟ್ ಕೆಂಪು. ಹಾಗಾಗಿ ಎಲ್ಲಿ ಎಷ್ಟು ಸವೆದಿದೆ ಅಂತ ಕಣ್ಣಿಗೇ ಕಂಡಿತು. ಮುಂತುದಿಯಲ್ಲಿ, ಚುಕ್ಕಾಣಿಯ ಅಂಚಿನಲ್ಲಿ ಕಪ್ಪು ಇಣುಕುತ್ತಿತ್ತು. ಅಲ್ಲಿ ನೀರಿನ ಸೆಳೆತ ಜೋರು ಅಲ್ವಾ! ಎರಡೂ ಪಕ್ಕ ನುಣುಪಾಗಿ ಕೆಂಪಗೆ ಇದ್ದವು, ಒಂದು ಚಿಪ್ಪೂ ಇಲ್ಲ. ನೋಡಿ ತುಂಬ ಖುಷಿಯಾಯಿತು. ಆದರೆ ಇಂಜಿನ್‌ಗೆ ನೀರು ಎಳೆಯುವ ಜಾಲರಿಯ ಮೂಲೆಯಲ್ಲಿ ಚಿಪ್ಪು ಗೊಂಚಲಾಗಿ ಕೂತಿತ್ತು. ಮರದ ದಿಮ್ಮಿ ಮೇಲೆ ಬೋಟ್ ಕೂತಿದ್ದ ಜಾಗಕ್ಕೆ ಬಣ್ಣವೇ ಬಿದ್ದಿರಲಿಲ್ಲ. ಅಲ್ಲೂ ಅಷ್ಟೇ. ದಿಮ್ಮಿ ಸರಿಸಿ ಹೊಡೆಯಲು ಮೊದಲೇ ಹೇಳಿ.

ಫೆಬ್ರವರಿಯಲ್ಲಿ ಗೇರ್‌ಬಾಕ್ಸ್ ಕೆಟ್ಟು ಬೋಟ್ 3 ವಾರ ಬಂದರಿನಲ್ಲೇ ನಿಂತಿತ್ತು. ಅಡಿಗೆ ಹಸಿರು ಲೋಳೆ ಹಿಡಿಯಿತು. ತಂತಿ ಬ್ರಷ್ ಹಾಕಿಸುವ ಅಂದರು ಬೋಟ್ ನಡೆಸುವ ತಾಂಡೇಲರು. ಬೇಡ ಅಂದೆ, ಉಜ್ಜಿದರೆ ಬಣ್ಣವೇ ಹೋಗುತ್ತದೆ. ಮುಂದಿನ ಟ್ರಿಪ್ ಮುಗಿಸಿ ಬರುವಾಗ ಲೋಳೆ ಮುಕ್ಕಾಲು ಪಾಲು ತಾನೇ ತೊಳೆದುಹೋಗಿತ್ತು. ಆದರೆ ತಿಂಗಳುಗಟ್ಟಲೆ ಕಟ್ಟಿಹಾಕುವ ಬೋಟಿಗೆ ನಾನು ಇದನ್ನು ಹೇಳುವುದಿಲ್ಲ.

ಕೊಳ್ಳುವಾಗ ಬೋಟಿನ ವೇಗ ಹೇಳಿ ಕೇಳಿ. ಅಂಗಡಿಯಲ್ಲಿ ನನಗೆ ಮೊದಲು ಕೊಟ್ಟಿದ್ದು ವೇಗದ ಹಡಗಿಗೆ ಮಾಡಿದ, ನಿಧಾನ ಸವೆಯುವ ಬಣ್ಣ. ಬಲೆ ಎಳೆಯುವಾಗ ನಮ್ಮದು 3 ನಾಟ್ ಅಷ್ಟೇ, ಅಷ್ಟರಲ್ಲಿ ಆ ಬಣ್ಣ ಸರಿಯಾಗಿ ಸವೆಯುವುದಿಲ್ಲ. ಡೇಟಾ ಶೀಟ್ ಓದಿ ವಾಪಸ್ ಮಾಡಿದೆ. ಸ್ಟೀಲಿಗೆ ಪ್ರೈಮರ್ ತಪ್ಪಿಸಬೇಡಿ, ತಾಮ್ರದ ಬಣ್ಣ ನೇರ ತಾಗಿದರೆ ತುಕ್ಕು ತಿನ್ನುತ್ತದೆ. ತುಕ್ಕು ತಡೆಯಲು ತಳಕ್ಕೆ ಹಾಕಿದ ಝಿಂಕ್ ತುಂಡುಗಳ ಮೇಲೆ ಬಣ್ಣ ಬೇಡ.

ಮೊದಲು ಇಂಥ ಬಣ್ಣದಲ್ಲಿ ಟಿಬಿಟಿ ಅನ್ನುವ ತವರದ ವಿಷ ಇರುತ್ತಿತ್ತು. ಸಮುದ್ರದ ಹೆಣ್ಣು ಬಸವನಹುಳುಗಳಿಗೆ ಅದರಿಂದ ಗಂಡಿನ ಅಂಗ ಬೆಳೆಯಿತು. 2001ರಲ್ಲಿ ಆದ ಅಂತಾರಾಷ್ಟ್ರೀಯ ಒಪ್ಪಂದ 2008ರಲ್ಲಿ ಜಾರಿಗೆ ಬಂದು ಅದಕ್ಕೆ ನಿಷೇಧ ಬಿತ್ತು. ತಾಮ್ರವೂ ವಿಷವೇ. ಈ ಸಲ ಕೆರೆಯುವಾಗ ಅಡಿಗೆ ಟಾರ್ಪಾಲ್ ಹಾಸಿಸಿದೆ, ಹಳೆ ಬಣ್ಣದ ಪುಡಿಯೆಲ್ಲ ಗೋಣಿಗೆ ತುಂಬಿಸಿದೆ. ನೀವೂ ಸುಮ್ನೆ ಹೊಳೆಗೆ ಗುಡಿಸಬೇಡಿ. ಅಲ್ಲಿ ತಿನ್ನುವ ಚಿಪ್ಪು ಮರುವಾಯಿ ಹೆಕ್ಕುವವರಿದ್ದಾರೆ.