ಜಾಝ್ ನೇಷನ್ ರೇಡಿಯೊ 108.5: ಹತ್ತು ವರ್ಷಕ್ಕೂ ಜಾಸ್ತಿ ಕೇಳಿದ ಮೇಲೆ

‘ಗ್ರ್ಯಾಂಡ್ ಥೆಫ್ಟ್ ಆಟೊ 4’ ಎಂಬ ವಿಡಿಯೊ ಗೇಮ್ ಬಂದಿದ್ದು 2008ರಲ್ಲಿ. ನಾನು ಆಡಲು ಶುರು ಮಾಡಿದ್ದು 2013ರಲ್ಲಿ. ಕಥೆ ಯಾವತ್ತೋ ಮುಗಿದಿದೆ. ಆದರೂ ಆಟವನ್ನು ಕಂಪ್ಯೂಟರಿನಿಂದ ತೆಗೆದಿಲ್ಲ. ಅದರೊಳಗಿನ ಜಾಝ್ ಸಂಗೀತದ ರೇಡಿಯೊ ಸ್ಟೇಷನ್ ಬಿಟ್ಟಿರಲು ಆಗುತ್ತಿಲ್ಲ.

ಆಡದವರಿಗೆ ಒಂದು ಮಾತು. ಆಟ ನಡೆಯುವುದು ಲಿಬರ್ಟಿ ಸಿಟಿ ಎಂಬ ಊರಿನಲ್ಲಿ. ನ್ಯೂಯಾರ್ಕ್ ನೋಡಿಕೊಂಡೇ ಕಟ್ಟಿದ ಊರು. ಬ್ರೂಕ್ಲಿನ್ ಇಲ್ಲಿ ಬ್ರೋಕರ್, ಮ್ಯಾನ್‌ಹಟನ್ ಇಲ್ಲಿ ಆಲ್ಗಾಂಕ್ವಿನ್. ಕಾರು ಹತ್ತಿದರೆ ರೇಡಿಯೊ ಶುರು. ಮೊದಮೊದಲು ಜಾಝ್ ಬಂದರೆ ತಕ್ಷಣ ಸ್ಟೇಷನ್ ಬದಲಿಸುತ್ತಿದ್ದೆ. ಎಲ್ಲರೂ ಅವರವರ ಪಾಡಿಗೆ ನುಡಿಸುತ್ತಿದ್ದಾರೆ ಅನ್ನಿಸುತ್ತಿತ್ತು.

ಒಂದು ಸಲ ಆಟದಲ್ಲಿ ರಾತ್ರಿ, ಮಳೆ. ಆಟದ ನಾಯಕ ನಿಕೊ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಕೂತಿದ್ದ. ರೇಡಿಯೊದಲ್ಲಿ ಡ್ರಮ್ಮರ್ ಆರ್ಟ್ ಬ್ಲೇಕಿ ತಂಡದ ‘ಮೋನಿನ್’ ಹಾಡು ಶುರುವಾಯಿತು. ಪಿಯಾನೊ ಒಂದೇ ಒಂದು ಸಾಲು ನುಡಿಸಿ ನಿಲ್ಲುತ್ತದೆ. ಇಡೀ ತಂಡ ಎರಡೇ ಸ್ವರದಲ್ಲಿ ‘ಹೌದಪ್ಪಾ’ ಅನ್ನುತ್ತದೆ. ಪಿಯಾನೊ ಮತ್ತೆ ಶುರು ಮಾಡುತ್ತದೆ, ತಂಡ ಮತ್ತೆ ಹೌದಪ್ಪಾ. ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟು ಉಳಿದವರು ಎತ್ತಿಕೊಳ್ಳುತ್ತಾರಲ್ಲ, ಥೇಟ್ ಹಾಗೆ. ಟ್ಯಾಕ್ಸಿ ಪ್ರಯಾಣ ಹಾರಿಸಿ ನೇರ ಊರು ಸೇರುವ ಅವಕಾಶ ಇದೆ. ಅವತ್ತು ನಾನು ಹಾರಿಸಲಿಲ್ಲ. ಆಮೇಲೆ ಯಾವತ್ತೂ ಹಾರಿಸಿಲ್ಲ.

ಸ್ಟೇಷನ್ ಕಲ್ಪನೆಯದು, ನಡೆಸಿಕೊಡುವವರು ಮಾತ್ರ ನಿಜವಾದ ಮನುಷ್ಯ. ರಾಯ್ ಹೇನ್ಸ್. 1925ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಡ್ರಮ್ಮರ್. 1949ರಿಂದ 1952ರವರೆಗೆ ಹೆಸರಾಂತ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ತಂಡದಲ್ಲಿದ್ದವರು. ಗಾಯಕಿ ಸಾರಾ ವಾನ್, ಪಿಯಾನೊ ವಾದಕ ಥೆಲೋನಿಯಸ್ ಮಂಕ್, ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಜೊತೆಯೂ ಬಾರಿಸಿದ್ದಾರೆ. ಪಾರ್ಕರ್ ಹಾಡು ಹಾಕುವವರು ಪಾರ್ಕರ್ ಪಕ್ಕದಲ್ಲೇ ಕೂತು ಬಾರಿಸಿದವರು! ಇದು ಗೊತ್ತಾದ ದಿನ ಮೈ ಜುಮ್ಮೆಂದಿತು. ಅವರದೇ ‘ಸ್ನ್ಯಾಪ್ ಕ್ರ್ಯಾಕಲ್’ ಕೂಡ ಇಲ್ಲಿ ಬರುತ್ತದೆ, 1962ರ ರೆಕಾರ್ಡಿಂಗ್. ಅದು ಅವರ ಅಡ್ಡಹೆಸರೂ ಹೌದು. ಚಟಪಟ ಸಿಡಿಯುವ ಆ ಕೈ ಕೇಳಿದರೆ ಹೆಸರು ಯಾಕೆ ಬಂತು ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ. ಹಿಂದೆ ಕೂತು ಸುಮ್ನೆ ತಾಳ ಹಿಡಿಯುವ ಡ್ರಮ್ ಅಲ್ಲ ಅದು.

ಕೊರತೆ ಇದೆ. ಹಾಡುಗಳು ಹತ್ತು ಹನ್ನೆರಡು ಅಷ್ಟೇ. ಸಂಜೆಯೆಲ್ಲ ಆಡಿದರೆ ಬಂದಿದ್ದೇ ಬರುತ್ತದೆ. ಕಾರು ಹತ್ತುವ ಹೊತ್ತಿಗೆ ಎಷ್ಟೋ ಸಲ ಹಾಡು ಅರ್ಧ ಮುಗಿದಿರುತ್ತದೆ. ಗಾಯಕಿ ಬಿಲಿ ಹಾಲಿಡೇ ದನಿ ಒಂದೇ ಹಾಡಿನಲ್ಲಿ ಸಿಗುವುದು ನನಗೆ ಸಾಲದು. ಇನ್ನು ಕೋಲ್ಟ್ರೇನ್ ಅವರ ‘ಜಾಯಂಟ್ ಸ್ಟೆಪ್ಸ್’. ಅದರ ಓಟ ಹಿಡಿಯಲು ನನಗೆ ವರ್ಷಗಳೇ ಬೇಕಾದವು. ಅದೇ ಹಾಡು ಮತ್ತೆ ಮತ್ತೆ ಬಂದಿದ್ದಕ್ಕೇ ಕಿವಿಗೆ ಹತ್ತಿತು ಅನ್ನಿ.

ಹಾಡಿನ ಹೆಸರು ಬೇಕಾದರೆ ನಿಕೊನ ಫೋನಿನಿಂದ ‘ಝಿಟ್’ ನಂಬರಿಗೆ ಕರೆ ಮಾಡಿ, ಮೆಸೇಜ್ ಬರುತ್ತದೆ. ನಾನು ಹಾಗೇ ಒಂದೊಂದೇ ಹೆಸರು ಬರೆದಿಟ್ಟುಕೊಂಡು ಆಲ್ಬಮ್ ಹುಡುಕಿ ಕೇಳಿದೆ.

2024ರ ನವೆಂಬರ್ 12ರಂದು ಹೇನ್ಸ್ ತೀರಿಕೊಂಡರು. 99 ವರ್ಷ. ಸುದ್ದಿ ಓದಿದ ರಾತ್ರಿ ಆಟ ಹಾಕಿ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿದೆ. ಎರಡು ಹಾಡಿನ ನಡುವೆ ಅವರ ದನಿ ಬಂತು, ಎಂದಿನ ಹಾಗೇ. ಗಂಟಲು ಕಟ್ಟಿತು.

ಹೊಸದಾಗಿ ಕೇಳುವವರು ಒಂದು ಕೆಲಸ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಎಂಜಿನ್, ಹಾರ್ನ್ ಸದ್ದು ಕಡಿಮೆ ಮಾಡಿ, ಹೆಡ್‌ಫೋನ್ ಹಾಕಿಕೊಳ್ಳಿ. ಡ್ಯೂಕ್ ಎಲಿಂಗ್ಟನ್ ತಂಡದ ‘ಟೇಕ್ ದಿ ಎ ಟ್ರೇನ್’ ಬರುವವರೆಗೆ ಬ್ರೋಕರ್‌ನಲ್ಲೇ ಸುತ್ತುತ್ತಿರಿ. ಅದನ್ನು ಬರೆದಿದ್ದು ಬಿಲಿ ಸ್ಟ್ರೇಹಾರ್ನ್. ಮ್ಯಾನ್‌ಹಟನ್‌ನ ಹಾರ್ಲೆಮ್‌ನಲ್ಲಿದ್ದ ತಮ್ಮ ಮನೆಗೆ ಬರುವ ದಾರಿಯನ್ನು ಎಲಿಂಗ್ಟನ್ ಅವರೇ ಸ್ಟ್ರೇಹಾರ್ನ್‌ಗೆ ಹೇಳಿಕೊಟ್ಟಿದ್ದರಂತೆ, ಅದೇ ಹಾಡಾಯಿತಂತೆ. ನ್ಯೂಯಾರ್ಕಿನ ಎ ರೈಲು ನಿಜವಾಗಿಯೂ ಬ್ರೂಕ್ಲಿನ್‌ನಿಂದ ಹಾರ್ಲೆಮ್ ಕಡೆಗೆ ಹೋಗುತ್ತದೆ. ಆಟದಲ್ಲಿ ಹಾರ್ಲೆಮ್‌ಗೆ ನಾರ್ತ್ ಹಾಲೆಂಡ್ ಅಂತ ಹೆಸರು. ಸೇತುವೆ ದಾಟಿ ಆ ಕಡೆಗೇ ಗಾಡಿ ತಿರುಗಿಸಿ, ಅವಸರ ಬೇಡ.